ಬಾಯಿಗೊಂದು ಅರ್ಧವಿರಾಮ

ಭದ್ರಾವತಿಯ ಓಲ್ಡ್ ಟೌನ್‌ನ ನಮ್ಮ ಮನೆಯ ಜಗಲಿಯಲ್ಲಿ ಮಗಳು ಲೆಕ್ಕದ ತಂತ್ರಾಂಶ ಮ್ಯಾಟ್‌ಲ್ಯಾಬ್ ತೆರೆದು ಕೂತಿದ್ದಳು. ಒಂದು ಸಾಲು ಬರೆದು ಎಂಟರ್ ಒತ್ತಿದ್ದೇ ತಡ, ಪರದೆ ತುಂಬ ಅಂಕಿಗಳ ಜಾತ್ರೆ!

"ಅಯ್ಯೋ, ಕೊನೆಗೆ ಸೆಮಿಕೋಲನ್, ಅದೇ ಅರ್ಧವಿರಾಮ, ಮರೆತೆ ಅಪ್ಪಾ. ಹಾಕಿದ್ರೆ ಲೆಕ್ಕ ಒಳಗೊಳಗೇ ಆಗುತ್ತೆ, ಬಾಯಿ ಬಿಡಲ್ಲ."

ಅಡುಗೆಮನೆಯಿಂದ ದನಿ ಬಂತು: "ನಿಮ್ಮಪ್ಪನಿಗೂ ಒಂದು ಹಾಕೇ."

ಇನ್ನು, ಅದರಲ್ಲಿ ಹೆಸರಿಡದ ಉತ್ತರ 'ಆನ್ಸ್' ಎಂಬ ಡಬ್ಬಿಗೆ ಬೀಳುತ್ತದಂತೆ. ಹೆಸರಿಲ್ಲದ ಇನ್ನೊಂದು ಉತ್ತರ ಬಂದರೆ ಹಳೆಯದು ಮಾಯ. ಕ್ಲೀವ್ ಮೋಲರ್ ಎಂಬ ಮೇಷ್ಟ್ರು 1970ರ ದಶಕದ ಕೊನೆಗೆ ವಿದ್ಯಾರ್ಥಿಗಳಿಗೆಂದು ಬರೆದದ್ದು ಮ್ಯಾಟ್‌ಲ್ಯಾಬ್. ಆದರೆ ಈ ಡಬ್ಬಿ ನಮಗೆ ಹೊಸದೇ? ದಿನಸಿ ಅಂಗಡಿಯವರು ನನ್ನ ಮೊತ್ತ ಬರೆದ ಪೇಪರ್ ಚೂರಲ್ಲೇ ಮುಂದಿನ ಗಿರಾಕಿಗೆ ಸಾಸಿವೆ ಕಟ್ಟುತ್ತಿದ್ದರು. ಚಿಕ್ಕಂದಿನಲ್ಲಿ 'ಮನಸ್ಸಲ್ಲಿ ಏಳು, ಕೈಯಲ್ಲಿ ಐದು' ಎಂದು ಕೂಡಿದ್ದೂ ಅದೇ. ಬೆರಳು ಮಡಚಿದರೆ ಡಬ್ಬಿ ಖಾಲಿ.

ನಮ್ಮೂರ ಲಕ್ಷ್ಮೀನರಸಿಂಹ ದೇವಸ್ಥಾನವನ್ನೇ ನೋಡಿ. ಹೊಯ್ಸಳ ಶಿಲ್ಪಿಗಳು ಎಷ್ಟು ಅಳೆದರೋ, ಎಷ್ಟು ಅಳಿಸಿದರೋ! ಕಲ್ಲಲ್ಲಿ ಕಾಣುವುದು ಕೊನೆಯ ಉತ್ತರ ಮಾತ್ರ. ಸಾಲುಸಾಲಿಗೂ ಅರ್ಧವಿರಾಮ ಹಾಕಿದ ಪುಣ್ಯಾತ್ಮರು.

ಇದನ್ನೇ ವಿಸ್ತಾರವಾಗಿ ಹೇಳಲು ಬಾಯಿ ತೆರೆದೆ. ಒಳಗೆ ಸೌಟು ಠಣ್ ಎಂದಿತು.

ಅರ್ಧವಿರಾಮ ಬಿತ್ತು.