ಸಂದರ್ಶಕರ ಪುಸ್ತಕ ಮೀಮಾಂಸೆ

ಸಣ್ಣ ಊರಿನ ಚರಿತ್ರೆ ಮ್ಯೂಸಿಯಂಗಳ ಬಗ್ಗೆ ವಿದ್ವಾಂಸರು ಬರೆದದ್ದೆಲ್ಲ ಒಳಗಿರುವ ಕಲ್ಲು, ತಾಮ್ರಪಟ, ತುಕ್ಕು ಹಿಡಿದ ಕತ್ತಿಗಳ ಬಗ್ಗೆ. ಬಾಗಿಲ ಬಳಿಯ ಮೇಜಿನ ಮೇಲೆ, ದಾರ ಕಟ್ಟಿದ ಪೆನ್ನಿನ ಸಮೇತ ಬಿದ್ದಿರುವ ಸಂದರ್ಶಕರ ಪುಸ್ತಕವನ್ನು ಮಾತ್ರ ಯಾರೂ ಸಂಪಾದಿಸಿಲ್ಲ. ಆ ಕೊರತೆಯನ್ನು ತುಂಬುವುದು ಈ ಪ್ರಬಂಧದ ಉದ್ದೇಶ. ಕೊರತೆ ಇದೆಯೆಂದು ಯಾರಿಗೂ ಅನ್ನಿಸಿರಲಿಲ್ಲವಲ್ಲ ಎಂಬ ಆಕ್ಷೇಪ ಇಲ್ಲಿ ಸಲ್ಲದು, ಪಿಎಚ್‌.ಡಿ.ಗಳೆಲ್ಲ ಹುಟ್ಟುವುದೇ ಹಾಗೆ.

ಮೊದಲು ಪೂರ್ವಸೂರಿಗಳ ಸ್ಮರಣೆ. ಬಾಸ್ಟನ್ನಿನ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲಿ ‘ಮ್ಯೂಸಿಯಂ ಆಯಾಸ’ ಕುರಿತು ಬರೆದರು. ಕಣ್ಣು ಚೆನ್ನಾಗಿದ್ದ ಒಬ್ಬಾತನಿಗೆ ಗಾಜಿನ ಪೆಟ್ಟಿಗೆಯೊಳಗಿನ ವಸ್ತುಗಳ ಮೇಲೆ ಸುಲಭದ ಪ್ರಶ್ನೆಗಳನ್ನು ಕೊಟ್ಟು, ಉತ್ತರ ಹುಡುಕಲು ಅವನು ಬಗ್ಗಿದ್ದು, ಕತ್ತು ತಿರುಚಿದ್ದು ಎಲ್ಲವನ್ನೂ ಫೋಟೊ ತೆಗೆಸಿದರು. ನಮ್ಮಲ್ಲಾಗಿದ್ದರೆ ಯೋಗಾಸನವೆಂದು ಕರೆದು ಬೇರೆ ಟಿಕೆಟ್ ಇಡುತ್ತಿದ್ದೆವು. ಆರ್ಥರ್ ಮೆಲ್ಟನ್ 1935ರಲ್ಲಿ, ಗ್ಯಾಲರಿ ಹೊಕ್ಕವರಲ್ಲಿ ಮುಕ್ಕಾಲು ಪಾಲು ಜನ ಬಲಕ್ಕೆ ತಿರುಗುತ್ತಾರೆಂದು ತೋರಿಸಿದರು. ಇದು ಶುದ್ಧ ಅಪ್ರದಕ್ಷಿಣೆ. ದೇವಸ್ಥಾನದ ಅಭ್ಯಾಸ ಇರುವವನು ಎಡಕ್ಕೆ ಹೊರಟು, ಮೂರ್ತಿಯನ್ನು ಬಲಗೈಗೆ ಇಟ್ಟುಕೊಳ್ಳಬೇಕು. ಆದರೆ ನಮ್ಮ ವೀಕ್ಷಕ ಎಡಕ್ಕೂ ಹೋಗನು, ಬಲಕ್ಕೂ ಹೋಗನು. ಫ್ಯಾನ್ ಎತ್ತ ತಿರುಗುತ್ತಿದೆಯೋ ಅತ್ತ ಹೋಗುತ್ತಾನೆ.

ಇನ್ನು ಪಠ್ಯವಿಮರ್ಶೆ. ಶಾಲಾ ಪ್ರವಾಸದ ದಿನದ ಪುಟದಲ್ಲಿ ಒಂದರ ಕೆಳಗೊಂದರಂತೆ ಎರಡೆರಡು ಗೀಟು ಮಾತ್ರ ಇರುತ್ತವೆ: ‘ಮೇಲಿನಂತೆ’ ಎಂದರ್ಥ. ಈ ಗೀಟುಗಳ ವಂಶವೃಕ್ಷ ಹಿಡಿದು ಮೇಲೇರಿದರೆ ಹಿಂದಿನ ಪುಟ, ಅಲ್ಲೂ ಗೀಟೇ. ಮೂಲಪಾಠವಿದ್ದ ಹಾಳೆಯನ್ನು ಯಾರೋ ಕಡಲೆಕಾಯಿ ಕಟ್ಟಿಕೊಳ್ಳಲು ಹರಿದುಕೊಂಡು ಹೋಗಿದ್ದಾರೆ. ಹೀಗಾಗಿ ಒಂದಿಡೀ ಪ್ರೌಢಶಾಲೆ ಒಮ್ಮತದಿಂದ ಏನನ್ನು ಹೇಳಿತು ಎಂಬುದು ಬಗೆಹರಿದಿಲ್ಲ. ‘ಸೂಪರ್’ ಎಂದಿದ್ದಿರಬೇಕೆಂದು ನನ್ನ ಊಹೆ. ‘ಬಸ್ಸಿನಲ್ಲಿ ವಾಂತಿ ಆಯಿತು’ ಎಂಬ ಪಾಠಾಂತರವನ್ನೂ ತಳ್ಳಿಹಾಕುವಂತಿಲ್ಲ.

ಈಗ ಮುಖ್ಯ ಪ್ರಮೇಯ. ಇಂಥ ಮ್ಯೂಸಿಯಂನ ಮುಂದಿನ ಕೋಣೆಯಲ್ಲಿ ಪ್ರದರ್ಶನ ಬದಲಾಗುತ್ತಲೇ ಇರುತ್ತದೆ. ಒಂದು ತಿಂಗಳು ನಾಣ್ಯ, ಇನ್ನೊಂದು ತಿಂಗಳು ಅಂಚೆಚೀಟಿ, ಆಮೇಲೆ ಊರಿನ ಹಳೇ ಫೋಟೊ, ಏನೂ ಸಿಗದಿದ್ದರೆ ಗಾಂಧೀಜಿ. ಪುಸ್ತಕದಲ್ಲಿ ಮಾತ್ರ ಸದಾ ಒಂದೇ ವಾಕ್ಯ: ‘ತುಂಬಾ ಚೆನ್ನಾಗಿದೆ.’ ಅದ್ವೈತಿಗಳ ಪ್ರಕಾರ ಮೂರು ಕಾಲದಲ್ಲೂ ಬಾಧೆಗೊಳಗಾಗದ್ದೇ ಸತ್ಯ. ಆದ್ದರಿಂದ ಪ್ರದರ್ಶನ ಮಿಥ್ಯೆ, ಅಭಿಪ್ರಾಯವೇ ಬ್ರಹ್ಮ. ಹಳೆಯದನ್ನು ಇಳಿಸಿ ಹೊಸದನ್ನು ಇನ್ನೂ ಏರಿಸದೆ ಕೋಣೆ ಬರಿದಾಗಿದ್ದ ದಿನವೂ ಒಬ್ಬರು ‘ತುಂಬಾ ಚೆನ್ನಾಗಿದೆ’ ಎಂದು ಬರೆದಿದ್ದಾರೆ. ನಿರ್ಗುಣೋಪಾಸನೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಉಡುಪಿ ಕಡೆಯ ಪಂಡಿತರು ಇದನ್ನು ಒಪ್ಪುವುದಿಲ್ಲ. ‘ಚೆನ್ನಾಗಿದೆ’, ‘ತುಂಬಾ ಚೆನ್ನಾಗಿದೆ’, ‘ತುಂಬಾ ತುಂಬಾ ಚೆನ್ನಾಗಿದೆ’ ಇವುಗಳಲ್ಲಿ ನಿತ್ಯವಾದ ತಾರತಮ್ಯವಿದೆ, ಭೇದವೇ ಸತ್ಯ ಎಂದು ಅವರ ವಾದ. ‘ಕುಡಿಯಲು ನೀರಿಲ್ಲ’ ಎಂದು ಬರೆಯುವವರು ಚಾರ್ವಾಕರು. ಅವರಿಗೆ ಪ್ರತ್ಯಕ್ಷವೊಂದೇ ಪ್ರಮಾಣ. ಚಾರ್ವಾಕರ ಮಾತು ಹೆಚ್ಚಾಗಿ ಎದುರಾಳಿಗಳ ಗ್ರಂಥಗಳಲ್ಲೇ ಉಳಿದುಕೊಂಡಂತೆ, ಇವರ ದೂರೂ ಉಳಿದಿರುವುದು ‘ಮೇಲಿನ ದೂರು ಸತ್ಯಕ್ಕೆ ದೂರ’ ಎಂದು ಕ್ಯುರೇಟರ್ ಕೆಂಪು ಶಾಯಿಯಲ್ಲಿ ಬರೆದ ಷರಾದಲ್ಲಿ.

ಅಭಿಪ್ರಾಯವೇ ಬ್ರಹ್ಮವೆಂಬ ನನ್ನ ಸಿದ್ಧಾಂತಕ್ಕೆ ಅಡ್ಡ ಬರುವುದು ಒಂದೇ ಪುಟ. ಅದು ವೀರಗಲ್ಲುಗಳ ಫೋಟೊ ತೂಗುಹಾಕಿದ್ದ ತಿಂಗಳಿನದು. ಅವುಗಳಲ್ಲಿ ಆತಕೂರು ಶಾಸನವೂ ಇತ್ತು. ಮೂಲ ಕಲ್ಲು ಬೆಂಗಳೂರಿನಲ್ಲಿ, 1865ರಲ್ಲಿ ಶುರುವಾದ ಸರ್ಕಾರಿ ಮ್ಯೂಸಿಯಂನಲ್ಲಿದೆ. ಕಾಲ ಕ್ರಿ.ಶ. 949–50. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನೆಂಬ ವೀರ ಬಹುಮಾನವಾಗಿ ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಅದು ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಗೊರವ, ಅಂದರೆ ಅಲ್ಲಿನ ಶೈವ ಅರ್ಚಕ, ಉಂಡರೆ ಪಾಪ ತಟ್ಟುತ್ತದೆಂದೂ ಕೆತ್ತಿಸಿದರು. ಫಲಕದಲ್ಲಿ ಇಷ್ಟನ್ನೂ ಓದಿದ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಪುಸ್ತಕದಲ್ಲಿ ಕೇಳಿದ್ದಾಳೆ: ‘ಸಾರ್, ಈಗ ಕಾಳಿಗೆ ಪೂಜೆ ಯಾರು ಮಾಡ್ತಾರೆ?’

ಕೆಳಗೆ ಇಡೀ ಕ್ಲಾಸು ಗೀಟು ಹಾಕಿದೆ. ಪಕ್ಕದಲ್ಲಿ ಕೆಂಪು ಶಾಯಿ: ‘ಸಂಬಂಧಪಟ್ಟ ಇಲಾಖೆಗೆ ಬರೆಯಲಾಗಿದೆ.’