ಕಾಪು ಭಾವನ ಪುಡಿ

ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಕಡೆಯವರು ಸಾಮಾನ್ಯವಾಗಿ ಯಕ್ಷಗಾನದ ಹುಚ್ಚು ಹಿಡಿಸಿಕೊಳ್ಳುತ್ತಾರೆ, ಇಲ್ಲವೇ ದೇವಸ್ಥಾನದ ಜೀರ್ಣೋದ್ಧಾರ ಸಮಿತಿ ಸೇರುತ್ತಾರೆ. ನಮ್ಮ ಕಾಪು ಭಾವ ಮಾತ್ರ ಜಿಮ್ ಸೇರಿದರು. ಅಂದಿನಿಂದ ಊರಿನವರಿಗೆಲ್ಲ ಒಂದಲ್ಲ ಒಂದು ಅಮೈನೋ ಆಮ್ಲದ ಕೊರತೆ ಶುರುವಾಯಿತು.

ಕೈಯಲ್ಲಿ ಸದಾ ಕಟಕಟ ಎನ್ನುವ ಶೇಕರ್. ಮಣಿಪಾಲದ ಎಂಡ್ ಪಾಯಿಂಟಿಗೆ ವಾಕಿಂಗ್ ಬಂದವರನ್ನು ನಿಲ್ಲಿಸಿ ತೋಳು ಹಿಚುಕುತ್ತಾರೆ. ನನ್ನ ನುಗ್ಗೆಕಾಯಿ ತೋಳು ಮುಟ್ಟಿ, "ಎಂತ ಭಾವ, ನಿನ್ನಲ್ಲಿ ಲ್ಯೂಸಿನ್ ಒಂಚೂರೂ ಇಲ್ಲ!" ಎಂದರು. ಸಾಲದ ಅರ್ಜಿಗಳಲ್ಲಿ ಕೊರತೆ ಹುಡುಕಿದ ಅಭ್ಯಾಸ, ಸುಲಭಕ್ಕೆ ಹೋದೀತೇ?

ಕಾರ್ಕಳದ ಮದುವೆಯದ್ದು ಹೇಳಲೇಬೇಕು. ಪಂಕ್ತಿಯಲ್ಲಿ ಸಾರು ಬಂದು ಹೋಗಿತ್ತು. ಭಾವ ಕಿಸೆಯಿಂದ ಪೊಟ್ಟಣ ತೆಗೆದು ಪಕ್ಕದ ದೊಡ್ಡಪ್ಪನ ಮಜ್ಜಿಗೆಗೆ ಸುರಿದೇಬಿಟ್ಟರು. ಕಲ್ಲಂಗಡಿ ಪರಿಮಳದ ಪುಡಿ, ಮಜ್ಜಿಗೆ ಗುಲಾಬಿಯಾಯಿತು. "ಕುಡಿಯಿರಿ, ಕೈ ನಡುಗುವುದು ನಿಲ್ಲುತ್ತದೆ."

ದೊಡ್ಡಪ್ಪನಿಗೆ ಪಾರ್ಕಿನ್ಸನ್. ತೆಗೆದುಕೊಳ್ಳುವುದು ಲೆವೊಡೋಪಾ ಮಾತ್ರೆ. ಎದುರು ಸಾಲಿನಲ್ಲಿದ್ದ, ಮಣಿಪಾಲದಲ್ಲಿ ಡಾಕ್ಟರಿಕೆ ಓದುವ ಅಣ್ಣನ ಮಗಳು ಎಂಜಲು ಕೈಯಲ್ಲೇ ಓಡಿಬಂದು ಲೋಟ ಕಿತ್ತುಕೊಂಡಳು. "ಮಾವ, ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಹೋಗಲು ಆ ಮಾತ್ರೆಗೂ ನಿಮ್ಮ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್‌ಗೂ ಇರುವುದು ಒಂದೇ ದಾರಿ. ಪುಡಿ ಮುಂದೆ ನುಗ್ಗಿದರೆ ಮಾತ್ರೆ ಹಿಂದೆ ಉಳಿಯುತ್ತದೆ. ಅಜ್ಜನ ನಡುಕ ಜಾಸ್ತಿಯಾಗುತ್ತದೆ!"

ಭಾವ ಪೆಚ್ಚಾಗಲಿಲ್ಲ. "ಇದು ಔಷಧವಲ್ಲ, ಆಹಾರ. ಡಬ್ಬಿಯ ಮೇಲೇ ಬರೆದಿದೆ." 1989ರಲ್ಲಿ ಅಮೆರಿಕದಲ್ಲಿ ಒಳ್ಳೆಯ ನಿದ್ದೆಗೆಂದು ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ನುಂಗಿ, 1,500ಕ್ಕೂ ಹೆಚ್ಚು ಮಂದಿ ಸ್ನಾಯುನೋವಿನ ಭೀಕರ ಕಾಯಿಲೆಗೆ ಬಿದ್ದರು. ಹೆಚ್ಚಿನವರು ನುಂಗಿದ್ದು ಒಂದೇ ತಯಾರಕರ ಸರಕು. ಅವರೂ ಅದನ್ನು ಆಹಾರ ಪೂರಕವೆಂದೇ ಕೊಂಡಿದ್ದರು. ಇದನ್ನೆಲ್ಲ ಆಗಲೇ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಪಾಯಸ ಬಂತು.

ಆದರೆ ಯಾರಿಗೆ ಕಾಯಿಲೆಯಾದರೂ ಎಳನೀರು ಹಿಡಿದು ಆಸ್ಪತ್ರೆಗೆ ಮೊದಲು ಓಡುವವರು ಇವರೇ. ಮಕ್ಕಳಿಬ್ಬರೂ ದುಬೈಯಲ್ಲಿ. ಅಕ್ಕ ತೀರಿಕೊಂಡ ಮೇಲೆ ಆ ಮನೆಯಲ್ಲಿ ಗ್ಯಾಸ್ ಹಚ್ಚುವುದು ಚಹಾಕ್ಕೆ ಮಾತ್ರ. ರಾತ್ರಿಯ ಊಟ ಶೇಕರಿನಲ್ಲೇ ಮುಗಿಯುತ್ತದೆ ಎಂದು ಕೆಲಸದವಳು ಹೇಳಿದಳು.

ಒಂದು ಭಾನುವಾರ ಉಡುಪಿಗೆ ಎಳೆದೊಯ್ದು ಇಡ್ಲಿ ಸಾಂಬಾರಿನ ಮುಂದೆ ಕೂರಿಸಿದೆ. ಊಟದಿಂದಲೇ ಬರಬೇಕಾದ ಅಮೈನೋ ಆಮ್ಲ ಒಂಬತ್ತು, ನಿಮ್ಮ ಪುಡಿಯಲ್ಲಿ ಇರುವುದು ಮೂರು, ಉಳಿದ ಆರಿಲ್ಲದೆ ಸ್ನಾಯು ಬೆಳೆಯದು ಎಂದೆ. ಅಕ್ಕಿಯಲ್ಲಿ ಕಮ್ಮಿಯಿರುವ ಲೈಸಿನ್ ಉದ್ದಿನಲ್ಲಿದೆ, ಉದ್ದಿಗೆ ಸಾಲದ ಮೆಥಿಯೊನಿನ್ ಅಕ್ಕಿಯಲ್ಲಿದೆ ಎಂದೂ ಕೊರೆದೆ. ಭಾವ ಗಮನವಿಟ್ಟು ಕೇಳಿ ಇನ್ನೊಂದು ಪ್ಲೇಟ್ ತರಿಸಿದರು. ಅದೂ ಖಾಲಿಯಾದ ಮೇಲೆ ದನಿ ತಗ್ಗಿಸಿ ಕೇಳಿದರು:

"ಹಾಗಾದರೆ ಭಾವ, ಇಡ್ಲಿಯನ್ನೇ ಒಣಗಿಸಿ ಪುಡಿ ಮಾಡಿ ಡಬ್ಬಿಗೆ ತುಂಬಿದರೆ ಹೇಗೆ?"