ಗಡಿಬಿಡಿಯಲ್ಲಿರುವವರಿಗೆ ಹೆಲಿಕಾಪ್ಟರ್ ಕೈಪಿಡಿ

ಈ ಕೈಪಿಡಿ ಬೆಲ್ 206ಬಿ-3 ಜೆಟ್‌ರೇಂಜರ್ ಎಂಬ ಐದು ಸೀಟಿನ, ಒಂಟಿ ಎಂಜಿನ್ನಿನ ಹೆಲಿಕಾಪ್ಟರಿಗೆ ಸಂಬಂಧಿಸಿದ್ದು. ತಾಲ್ಲೂಕು ಕೇಂದ್ರದ ಹೈಸ್ಕೂಲು ಮೈದಾನದಲ್ಲಿ ಯಂತ್ರ ನಿಂತಿದೆ, ಮದುಮಗ ಪೇಟ ಕಟ್ಟಿಕೊಂಡು ಸಿದ್ಧನಾಗಿದ್ದಾನೆ, ಮುಹೂರ್ತ ಹತ್ತಿರ ಬರುತ್ತಿದೆ, ಫೋಟೋದವನ ಡ್ರೋನ್ ಆಗಲೇ ಮೇಲಕ್ಕೇರಿದೆ ಎಂಬ ಪರಿಸ್ಥಿತಿಯನ್ನು ಗಮನದಲ್ಲಿಟ್ಟುಕೊಂಡು ಇದನ್ನು ತಯಾರಿಸಲಾಗಿದೆ. ಮೊದಲು ಡ್ರೋನನ್ನು ಇಳಿಸಿ. ಕಂಪನಿ ಕೊಟ್ಟ ಅಸಲಿ ಕೈಪಿಡಿ ಯಂತ್ರದೊಳಗೇ ಇರುತ್ತದೆ, ಹಾರಾಟಕ್ಕೆ ಅದೇ ಪ್ರಮಾಣ. ಆದರೆ ಅದರಲ್ಲಿರುವುದು ಯಂತ್ರದ ವಿಷಯ ಮಾತ್ರ. ಸುತ್ತ ನಿಂತ ಬಂಧುಬಳಗದ ವಿಷಯವಿಲ್ಲ. ಆ ಕೊರತೆಯನ್ನು ತುಂಬಿಕೊಡುವುದಷ್ಟೇ ನಮ್ಮ ಕೆಲಸ.

ಯಂತ್ರ ಪರಿಚಯ

1960ರ ದಶಕದಲ್ಲಿ ಅಮೆರಿಕದ ಸೈನ್ಯ ಹಗುರ ಹೆಲಿಕಾಪ್ಟರಿಗಾಗಿ ಸ್ಪರ್ಧೆ ನಡೆಸಿತು. ಬೆಲ್ ಕಂಪನಿಯ ಯಂತ್ರ ಹ್ಯೂಸ್ ಕಂಪನಿಯದರ ಮುಂದೆ ಸೋತಿತು. ಸೋತದ್ದಕ್ಕೆ ಹೊಸ ಮೈ ಹೊದಿಸಿ, ಜೆಟ್‌ರೇಂಜರ್ ಎಂದು ಹೆಸರಿಟ್ಟು, 1966ರ ಜನವರಿಯಲ್ಲಿ ಹಾರಿಸಿದರು. ಆ ಕುಟುಂಬದಲ್ಲಿ ಆಮೇಲೆ ಏಳು ಸಾವಿರಕ್ಕೂ ಹೆಚ್ಚು ಯಂತ್ರಗಳು ಹುಟ್ಟಿದವು.

ಎಂಜಿನ್ನಿನ ಹೆಸರು ಆಲಿಸನ್ 250; ಈಗ ಅದು ರೋಲ್ಸ್ ರಾಯ್ಸ್ ಮನೆಗೆ ಸೇರಿದೆ. ತೂಕ ಸುಮಾರು 72 ಕಿಲೋ, ಶಕ್ತಿ 420 ಅಶ್ವಶಕ್ತಿ. ಒಬ್ಬ ಸಾಧಾರಣ ಬೀಗರಷ್ಟು ಭಾರವಿರುವ ಈ ವಸ್ತು, ಎಲ್ಲವೂ ಸೇರಿ 1,451 ಕಿಲೋವರೆಗಿನ ಯಂತ್ರವನ್ನು ಎತ್ತುತ್ತದೆ. ಒಳಗಿನ ಏರ್ಪಾಡು ಮಾತ್ರ ವಿಚಿತ್ರ. ಗಾಳಿ ಮುಂದಿನಿಂದ ಒಳಗೆ ಬರುತ್ತದೆ, ಅದುಮಿಸಿಕೊಂಡು ಎರಡು ಕೊಳವೆಗಳ ಮೂಲಕ ಹಿಂಬದಿಗೆ ಹೋಗುತ್ತದೆ, ಅಲ್ಲಿ ಉರಿದು ಮತ್ತೆ ಮುಂದಕ್ಕೇ ಬಂದು ಟರ್ಬೈನ್ ಚಕ್ರಗಳನ್ನು ತಿರುಗಿಸಿ, ನಡುಮಧ್ಯದಿಂದ ಆಕಾಶಕ್ಕೆ ಹೋಗುತ್ತದೆ. ವಾಸ್ತು ಬಲ್ಲ ಸೋದರಮಾವನಿಗೆ ಇದನ್ನು ವಿವರಿಸಲು ಹೋಗಬೇಡಿ.

ಒಂದು ಸಂಗತಿ ಮಾತ್ರ ನೆನಪಿರಲಿ. ಒಳಗೆ ಎರಡು ಜೊತೆ ಟರ್ಬೈನುಗಳಿವೆ. ಮೊದಲ ಜೊತೆ ಗಾಳಿ ಅದುಮುವ ಚಕ್ರಗಳನ್ನು ತಿರುಗಿಸುತ್ತದೆ. ಅದರ ವೇಗ ತೋರಿಸುವ ಗೇಜಿಗೆ ಎನ್-1 ಎಂದು ಹೆಸರು, ನೂರು ಪರ್ಸೆಂಟೆಂದರೆ ನಿಮಿಷಕ್ಕೆ ಸುಮಾರು 51 ಸಾವಿರ ಸುತ್ತು. ಎರಡನೆಯ ಜೊತೆ ರೋಟರನ್ನು ತಿರುಗಿಸುತ್ತದೆ. ಇವೆರಡರ ನಡುವೆ ಕಬ್ಬಿಣದ ಸಂಬಂಧವಿಲ್ಲ, ಬಿಸಿಗಾಳಿಯ ಸಂಬಂಧ ಮಾತ್ರ. ಹಾಗಾಗಿ ಮೇಲೆ ರೆಕ್ಕೆಯನ್ನು ಕಟ್ಟಿಹಾಕಿದ್ದರೂ ಕೆಳಗೆ ಎಂಜಿನ್ ಖುಷಿಯಿಂದ ಹೊತ್ತಿಕೊಳ್ಳಬಲ್ಲದು. ಇದರ ಪರಿಣಾಮ ಮುಂದೆ ಬರುತ್ತದೆ.

ಒಂದು ಸುತ್ತು

ಹಾರುವ ಮೊದಲು ಪೈಲಟ್ ಯಂತ್ರದ ಸುತ್ತ ಒಂದು ಸುತ್ತು ಬರಬೇಕು. ಕೈಯಲ್ಲಿ ಚೆಕ್‌ಲಿಸ್ಟ್ ಇರಬೇಕು, ಫೋನ್ ಇರಬಾರದು. ನಡುವೆ ಯಾರಾದರೂ "ಸಾರ್, ಒಂದು ಸೆಲ್ಫಿ" ಎಂದು ನಿಲ್ಲಿಸಿದರೆ, ಸೆಲ್ಫಿ ಕೊಟ್ಟು, ನಿಂತ ಜಾಗದಿಂದಲ್ಲ, ಒಂದೆರಡು ಹೆಜ್ಜೆ ಹಿಂದಿನಿಂದ ಮತ್ತೆ ಶುರು ಮಾಡಿ. ತಪ್ಪಿಹೋಗುವ ಸಂಗತಿ ಯಾವಾಗಲೂ ಮಾತು ಕತ್ತರಿಸಿದ ಜಾಗದಲ್ಲೇ ಇರುತ್ತದೆ.

ಇಂಧನದ ಟ್ಯಾಂಕಿನ ತಳದಿಂದ ಸ್ವಲ್ಪ ಗಾಜಿನ ಬಾಟಲಿಗೆ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ನೀರಿದ್ದರೆ ಅಡಿಯಲ್ಲಿ ಗುಳ್ಳೆಗಳಾಗಿ ಕೂತಿರುತ್ತದೆ. ಪೂರ್ತಿ ನೀರೇ ಬಂದರೂ ತಿಳಿಯಾಗಿಯೇ ಕಾಣುವುದರಿಂದ ಮೂಗನ್ನೂ ಬಳಸಿ; ಸೀಮೆಎಣ್ಣೆಯ ವಾಸನೆ ಬರಬೇಕು. ನೋಡಿದ್ದನ್ನು ಮೈದಾನದ ಹುಲ್ಲಿಗೆ ಚೆಲ್ಲಬೇಡಿ, ಅಲ್ಲಿ ನಾಳೆ ಮಕ್ಕಳು ಕಬಡ್ಡಿ ಆಡುತ್ತಾರೆ.

ಗಾಳಿಯ ವೇಗ ಅಳೆಯುವ ಪಿಟಾಟ್ ಕೊಳವೆಯ ಮುಸುಕು ತೆಗೆದು ಒಳಗೆ ಇಣುಕಿ. ಕುಂಬಾರ ಹುಳುವಿಗೆ ಇಷ್ಟು ಅಚ್ಚುಕಟ್ಟಾದ ತೂತು ಬೇರೆಲ್ಲೂ ಸಿಕ್ಕುವುದಿಲ್ಲ. ಮಣ್ಣು ಮೆತ್ತಿ ಸಂಸಾರ ಹೂಡಿಬಿಡುತ್ತದೆ. 1996ರಲ್ಲಿ ಡೊಮಿನಿಕನ್ ಗಣರಾಜ್ಯದ ಹತ್ತಿರ ಸಮುದ್ರಕ್ಕೆ ಬಿದ್ದು 189 ಜನ ಸತ್ತ ಬೋಯಿಂಗ್ ವಿಮಾನದ ವಿಷಯದಲ್ಲಿ ತನಿಖೆದಾರರಿಗೆ ಬಂದ ಅನುಮಾನ ಇಂಥದೇ ಹುಳುವಿನ ಮೇಲೆ. ಹುಳು ಚಿಕ್ಕದೆಂದು ಸುಮ್ಮನಾಗಬೇಡಿ. ಗಾಳಿ ಒಳಬರುವ ಬಾಯಲ್ಲಿ ಹಕ್ಕಿಗೂಡಿನ ಕಡ್ಡಿಗಳಿದ್ದರೆ ಅವನ್ನೂ ತೆಗೆಸಿ.

ಎಣ್ಣೆಯ ಮಟ್ಟಗಳು, ಬಾಗಿಲಿನ ಚಿಲಕ, ಇಂಧನದ ಮುಚ್ಚಳ, ಬಾಲದ ರೋಟರಿನ ಬ್ಲೇಡುಗಳು, ಅವನ್ನು ಹಿಡಿದ ಸರಳುಗಳು: ಇವೆಲ್ಲ ಚೆಕ್‌ಲಿಸ್ಟಿನಲ್ಲಿ ಸಾಲಾಗಿ ಇವೆ, ಕಣ್ಣು ಮತ್ತು ಬೆರಳು ಎರಡರಿಂದಲೂ ನೋಡಿ. ಕೊನೆಗೆ ಮುಖ್ಯ ರೆಕ್ಕೆಯನ್ನು ಬಾಲಕ್ಕೆ ಕಟ್ಟಿದ ಪಟ್ಟಿ ಬಿಚ್ಚಿ. ಕೆಂಪು ಬಾವುಟ ನೇತಾಡುತ್ತಿದ್ದರೂ ಅದನ್ನು ಮರೆತವರಿದ್ದಾರೆ.

ಪೂಜೆ

ಅಸಲಿ ಕೈಪಿಡಿಯಲ್ಲಿ ಈ ಅಧ್ಯಾಯ ಇಲ್ಲ. ಅದು ಟೆಕ್ಸಸ್‌ನ ಬೆಲ್ ಕಂಪನಿಯವರ ಅಜಾಗರೂಕತೆ.

ನಿಂಬೆಹಣ್ಣು ಎಲ್ಲಿಡಬೇಕೆಂಬುದು ಮೊದಲ ಸಮಸ್ಯೆ. ಜೆಟ್‌ರೇಂಜರಿಗೆ ಚಕ್ರಗಳಿಲ್ಲ, ಎರಡು ಉದ್ದನೆಯ ಕೊಳವೆಗಳ ಮೇಲೆ ಕೂತಿರುತ್ತದೆ. ಅದು ಉರುಳಿಕೊಂಡು ಮುಂದೆ ಹೋಗುವುದಿಲ್ಲ, ಎದ್ದೇ ಹೋಗುತ್ತದೆ. ನಿಂಬೆಹಣ್ಣು ಅಪ್ಪಚ್ಚಿಯಾಗದೆ ಉಳಿದರೆ ಅಪಶಕುನವೇ ಎಂದು ಪುರೋಹಿತರನ್ನು ಕೇಳಬಹುದು. ಉತ್ತರ ದಕ್ಷಿಣೆಯ ಮೇಲೆ ನಿಂತಿದೆ. ನಮ್ಮ ಸಲಹೆ: ಹಣ್ಣನ್ನು ಪಾನಕಕ್ಕೆ ಬಳಸಿ.

ಅರಿಸಿನ ಕುಂಕುಮವನ್ನು ಬಾಗಿಲಿನ ಕೆಳಗಿನ ಲೋಹದ ಭಾಗಕ್ಕೆ ಹಚ್ಚಬಹುದು. ಎದುರಿನ ಗಾಜಿಗೆ ಬೇಡ. ಅದು ಗಾಜೇ ಅಲ್ಲ, ಅಕ್ರಿಲಿಕ್. ಸೆರಗಿನಿಂದ ಒರೆಸಿದರೆ ಗೀರು ಬೀಳುತ್ತದೆ, ಸೂರ್ಯನಿಗೆ ಎದುರಾದಾಗ ಆ ಗೀರುಗಳೇ ಕಾಣುತ್ತವೆ.

ಈಗ ಬೂದುಗುಂಬಳ. ನಮ್ಮವರು ಅದಕ್ಕೆ ತೂತು ಕೊರೆದು, ಕುಂಕುಮ ತುಂಬಿ, ಒಳಗೆ ಚಿಲ್ಲರೆ ಕಾಸು ಹಾಕಿ, ಯಂತ್ರದ ಮುಂದೆ ಒಡೆಯುತ್ತಾರೆ. ಒಡೆದ ಕೂಡಲೇ ಕಾಸಿಗಾಗಿ ಹುಡುಗರು ಮುಗಿಬೀಳುತ್ತಾರೆ. ರೆಕ್ಕೆಯ ಗಾಳಿಗೆ ಸಿಕ್ಕುವ ಯಾವುದೇ ಸಡಿಲ ವಸ್ತು, ಎಲ್ಲಿಗೆ ಬೇಕಾದರೂ ಹೋಗಿ ಬಡಿಯಬಹುದಾದ ಕಲ್ಲು ಎಂದೇ ವಿಮಾನದ ಜನ ಲೆಕ್ಕ ಹಾಕುತ್ತಾರೆ. ಹೂವಿನ ಎಸಳು, ಪ್ಲಾಸ್ಟಿಕ್ ಚೀಲ, ಶಾಮಿಯಾನದ ಬಟ್ಟೆ, ತೆಂಗಿನ ಚಿಪ್ಪು ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಕುಂಬಳಕಾಯಿಯನ್ನು ಮೈದಾನದ ಗೇಟಿನ ಬಳಿ ಒಡೆಯಿರಿ. ದೃಷ್ಟಿ ಅಲ್ಲಿಂದಲೂ ತೆಗೆಯಬಹುದು, ಅದಕ್ಕೆ ದೂರದ ಮಿತಿಯನ್ನು ಯಾರೂ ಹೇಳಿಲ್ಲ. ಎಷ್ಟು ಕಾಸು ಹಾಕಿದ್ದೀರಿ ಎಂದು ಮೊದಲೇ ಕೇಳಿಟ್ಟುಕೊಂಡು, ಅಷ್ಟೂ ಹುಡುಗರ ಜೇಬು ಸೇರಿದ್ದನ್ನು ಖಚಿತಪಡಿಸಿಕೊಳ್ಳಿ.

ಹೆಲಿಕಾಪ್ಟರ್ ಯಾವ ಕಡೆ ಮುಖ ಮಾಡಿ ನಿಲ್ಲಬೇಕೆಂಬುದರಲ್ಲೂ ಫೋಟೋದವನಿಗೂ ನಿಮಗೂ ಜಗಳ ಖಚಿತ. ಅವನಿಗೆ ಬೆಳಕು ಬೇಕು, ನಿಮಗೆ ಗಾಳಿ ಎದುರಿನಿಂದ ಬರಬೇಕು. ಹಿಂದಿನಿಂದ ಬೀಸುವ ಗಾಳಿ ಹೊಗೆಬಾಯಿಗೆ ಎದುರೊತ್ತಿದರೆ ಎಂಜಿನ್ ಹೊತ್ತುವಾಗ ಬಿಸಿ ಏರುತ್ತದೆ. ಇದರಲ್ಲಿ ರಾಜಿ ಬೇಡ. ಆಲ್ಬಮ್ಮಿನಲ್ಲಿ ಮದುಮಗನ ಮುಖ ಕಪ್ಪಗೆ ಬಂದರೆ ಅದನ್ನು ಬೆಳ್ಳಗೆ ಮಾಡುವ ವಿದ್ಯೆ ಫೋಟೋದವನಿಗೆ ಗೊತ್ತಿದೆ.

ಕೂರಿಸುವುದು

ಎಲ್ಲರೂ ಮುಂದಿನಿಂದ, ಪೈಲಟ್ಟಿಗೆ ಕಾಣುವಂತೆ ಬರಬೇಕು. ಬಾಲದ ಕಡೆ ಯಾರೂ ಹೋಗಬಾರದು. ತಿರುಗುವಾಗ ಬಾಲದ ರೋಟರ್ ಕಣ್ಣಿಗೆ ಕಾಣುವುದೇ ಇಲ್ಲ. ಪೇಟ, ಹಾರ, ಶಲ್ಯ, ಕೊಡೆ, ಎಲ್ಲ ತೊಡೆಯ ಮೇಲೆ ಅಥವಾ ಕಾರಿನಲ್ಲಿ. ಮದುಮಗ, ಅವನ ಅಪ್ಪ ಅಮ್ಮ, ಸೋದರಮಾವ: ನಾಲ್ಕಾಯಿತು, ಪೈಲಟ್ ಸೇರಿ ಐದು. ಇವರ ತೂಕವನ್ನು ಬಾಯಿಮಾತಿನಲ್ಲಿ ಕೇಳಬೇಡಿ. ಮದುವೆಯ ಮನೆಯಲ್ಲಿ ಯಾರೂ ನಿಜ ಹೇಳುವುದಿಲ್ಲ, ತಕ್ಕಡಿ ತನ್ನಿ.

ಹೊತ್ತಿಸುವುದು

ಬ್ಯಾಟರಿ ಸ್ವಿಚ್ ಹಾಕಿದ ಕ್ಷಣವೇ ಹಾರ್ನ್ ಕಿರುಚುತ್ತದೆ, ಕೆಂಪು ದೀಪ ಹತ್ತುತ್ತದೆ: ಎಂಜಿನ್ ನಿಂತಿದೆ! ಹೌದು, ನಿಂತಿದೆ, ಇನ್ನೂ ಶುರುವೇ ಮಾಡಿಲ್ಲ. ಸೋದರಮಾವ ಸೀಟಿನಿಂದ ಏಳದಂತೆ ನೋಡಿಕೊಂಡು ಹಾರ್ನ್ ಅಡಗಿಸಿ.

ನೆಲದ ಮೇಲೆ ಇದು ತಮಾಷೆ. 1972ರ ಜೂನ್ 21ರಂದು ಫ್ರಾನ್ಸಿನ ಜಾನ್ ಬುಲೇ ಲಾಮಾ ಹೆಲಿಕಾಪ್ಟರಿನಲ್ಲಿ 12,442 ಮೀಟರ್ ಎತ್ತರ ಮುಟ್ಟಿ ದಾಖಲೆ ಮಾಡಿದಾಗ, ಇಳಿಯಲೆಂದು ಶಕ್ತಿ ತಗ್ಗಿಸಿದ್ದೇ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಲಿಲ್ಲ. ಕೆಳಗಿನಿಂದ ನುಗ್ಗುವ ಗಾಳಿಯಲ್ಲೇ ರೆಕ್ಕೆ ತಿರುಗಿಸಿಕೊಂಡು ಅವರು ನೆಲ ತಲುಪಿದರು. ಆ ಲಾಮಾ ಹುಟ್ಟಿದ್ದೇ ಹಿಮಾಲಯದ ಎತ್ತರಕ್ಕೆ ಯಂತ್ರ ಬೇಕೆಂದು ಭಾರತ ಕೇಳಿದ್ದರಿಂದ. ಬೆಂಗಳೂರಿನ ಎಚ್‌ಎಎಲ್ ಅದನ್ನು ಚೀತಾ ಎಂಬ ಹೆಸರಿನಲ್ಲಿ ಕಟ್ಟಿತು. ಸಿಯಾಚಿನ್ನಿನ ಸೈನಿಕರಿಗೆ ಅದರ ಸದ್ದು ಚೆನ್ನಾಗಿ ಗೊತ್ತು. ಅಲ್ಲಿ ಎಂಜಿನ್ ಹೊತ್ತಿಸುವವರ ಮುಂದೆ ನಮ್ಮ ಮುಹೂರ್ತದ ಗಡಿಬಿಡಿಯನ್ನು ಹೇಳಿಕೊಳ್ಳದಿರುವುದು ಒಳ್ಳೆಯದು.

ನಿಮ್ಮ ಎಡಗೈಯಲ್ಲಿರುವ, ಯಂತ್ರವನ್ನು ಏರಿಸಿ ಇಳಿಸುವ ಕಲೆಕ್ಟಿವ್ ಸನ್ನೆಯ ಹಿಡಿಯೇ ಥ್ರಾಟಲ್, ತಿರುಚಿದರೆ ಇಂಧನ. ಸ್ಟಾರ್ಟರ್ ಗುಂಡಿಯೂ ಅಲ್ಲೇ. ಥ್ರಾಟಲನ್ನು ಪೂರ್ತಿ ತೆರೆದು, ಐಡಲ್ಲಿಗೆ (ಎಂಜಿನ್ ಸುಮ್ಮನೆ ಓಡುವ ಮಟ್ಟಕ್ಕೆ) ತಂದು, ತಡೆಯ ಗುಂಡಿ ಒತ್ತಿ ಪೂರ್ತಿ ಮುಚ್ಚಿ. ಬ್ಯಾಟರಿಯ ವೋಲ್ಟು ಓದಿ. ಹಿಂದಿನ ರಾತ್ರಿ ಒಳಗಿನ ದೀಪ ಹಾಕಿಕೊಂಡು ಯಾರಾದರೂ ರೀಲ್ಸ್ ಮಾಡಿದ್ದರೆ ಅದು ಇಲ್ಲಿ ಗೊತ್ತಾಗುತ್ತದೆ.

ಸ್ಟಾರ್ಟರ್ ಒತ್ತಿ ಹಿಡಿಯಿರಿ. ಕಿಡಿಯ ಟಿಕ್ ಟಿಕ್ ಕೇಳಿಸುತ್ತದೆ, ಎನ್-1 ಮುಳ್ಳು ಮೇಲೇರುತ್ತದೆ. ಥ್ರಾಟಲ್ ಈಗಲೇ ತೆರೆಯಬೇಡಿ. ಹೊರಗಿನ ಹವೆ 7 ಡಿಗ್ರಿಗಿಂತ ಬೆಚ್ಚಗಿದ್ದರೆ ಶೇ. 15 ಬರುವವರೆಗೆ ಕಾಯಬೇಕು. ಅದಕ್ಕಿಂತ ತಣ್ಣಗಿದ್ದರೆ 13, ಮೈನಸ್ 18ಕ್ಕಿಂತ ಕೆಳಗಾದರೆ 12. ಕೊನೆಯದು ತುಮಕೂರು ಜಿಲ್ಲೆಗೆ ಅನ್ವಯಿಸುವುದಿಲ್ಲ. ಟರ್ಬೈನಿನ ಬಿಸಿ ತೋರಿಸುವ ಟಿಒಟಿ ಗೇಜು 150 ಡಿಗ್ರಿಯೊಳಗಿರಬೇಕು. ಇವೆರಡೂ ಸರಿಯಾದ ಮೇಲೆ ಥ್ರಾಟಲನ್ನು ಐಡಲ್ಲಿಗೆ ತೆರೆಯಿರಿ.

ಹಿಂದೆ 'ಬುಸ್ಸ್' ಎಂದು ಹೊತ್ತಿಕೊಳ್ಳುತ್ತದೆ. ಇನ್ನು ಕಣ್ಣು ಟಿಒಟಿ ಬಿಟ್ಟು ಎಲ್ಲಿಗೂ ಹೋಗಬಾರದು. ಮುಳ್ಳು ಓಡುತ್ತದೆ. 810ರಿಂದ 927 ಡಿಗ್ರಿಯ ನಡುವೆ ಹೆಚ್ಚೆಂದರೆ ಹತ್ತು ಸೆಕೆಂಡ್ ಇರಬಹುದು. 927ರ ಮೇಲೆ ಒಂದು ಸೆಕೆಂಡಿಗಿಂತ ಹೆಚ್ಚಿಲ್ಲ.

ಹಳೆಯ ಪಂಪ್ ಸ್ಟೌ ಹಚ್ಚಿದವರಿಗೆ ವಿಷಯ ಗೊತ್ತು: ಬರ್ನರ್ ಕಾಯುವ ಮೊದಲೇ ಪಂಪು ಹೊಡೆದರೆ ಹಳದಿ ಉರಿ ಅಟ್ಟಕ್ಕೇರುತ್ತದೆ. ಇಲ್ಲಿ ಕೊರತೆ ಬೀಳುವುದು ಗಾಳಿಯದು. ಬ್ಯಾಟರಿ ಸೋತು ಚಕ್ರ ನಿಧಾನವಾದರೆ, ಥ್ರಾಟಲ್ ಮೊದಲೇ ತೆರೆದರೆ, ಹಿಂಗಾಳಿ ಎದುರೊತ್ತಿದರೆ, ಇಂಧನ ಹೆಚ್ಚಾಗಿ ಗಾಳಿ ಕಡಿಮೆಯಾಗಿ ಉರಿ ಟರ್ಬೈನ್ ಚಕ್ರಗಳನ್ನೇ ನೆಕ್ಕುತ್ತದೆ. ವಿಮಾನದವರು ಇದಕ್ಕೆ ಹಾಟ್ ಸ್ಟಾರ್ಟ್ ಅನ್ನುತ್ತಾರೆ.

ಆಗ ಮಾಡಬೇಕಾದ್ದು ಮನುಷ್ಯನ ಕೈಗೆ ಒಗ್ಗದ ಕೆಲಸ. ಬೆಂಕಿ ಹೆಚ್ಚಾಯಿತು ಎಂದ ಕೂಡಲೇ ಕೈ ಎಲ್ಲವನ್ನೂ ಬಿಟ್ಟು ಹಿಂದೆ ಸರಿಯಲು ನೋಡುತ್ತದೆ. ಬಿಟ್ಟರೆ ಸ್ಟಾರ್ಟರ್ ನಿಲ್ಲುತ್ತದೆ, ಸ್ಟಾರ್ಟರ್ ನಿಂತರೆ ಗಾಳಿ ನಿಲ್ಲುತ್ತದೆ, ಒಳಗಿನ ಉರಿ ನಿಂತಲ್ಲೇ ನಿಂತು ಲೋಹವನ್ನು ಬೇಯಿಸುತ್ತದೆ. ಆದ್ದರಿಂದ ಅದೇ ಎಡಗೈಯ ಮಣಿಕಟ್ಟು ಥ್ರಾಟಲ್ ಮುಚ್ಚಬೇಕು, ಅದೇ ಕೈಯ ಬೆರಳು ಸ್ಟಾರ್ಟರನ್ನು ಒತ್ತಿಯೇ ಇರಬೇಕು, ಬಿಸಿ ಇಳಿಯುವವರೆಗೆ. ಇಂಧನ ನಿಲ್ಲಲಿ, ಗಾಳಿ ಹರಿಯಲಿ. ಹಿಂದಿನ ಸೀಟಿನಿಂದ "ಏನ್ ಸಾರ್ ಆಯ್ತು?" ಎಂಬ ಪ್ರಶ್ನೆ ಬರುತ್ತದೆ, ಉತ್ತರ ಕೊಡಲು ಆಗ ಬಾಯಿಗೂ ಬಿಡುವಿಲ್ಲ. ಇಡೀ ಹೆಲಿಕಾಪ್ಟರಿನ ವಿದ್ಯೆಯಲ್ಲಿ ಹಾರುವುದಕ್ಕಿಂತ ಈ ಒಂದು ಬೆರಳಿನ ಶಿಸ್ತೇ ದೊಡ್ಡದೆಂದು ನನ್ನ ಅಭಿಪ್ರಾಯ. ಅವಸರದ ಮನುಷ್ಯನಲ್ಲಿ ಮೊದಲು ಕೆಡುವುದೂ ಆ ಬೆರಳೇ.

ಇನ್ನೂ ಕೆಟ್ಟದ್ದೊಂದಿದೆ. ಬಿಸಿ ಮಿತಿ ಮೀರಿದ ಮೇಲೂ ಎಂಜಿನ್ ಕೆಲವೊಮ್ಮೆ ಸಲೀಸಾಗಿ ಹೊತ್ತಿ, ಸದ್ದಿನಲ್ಲೂ ವ್ಯತ್ಯಾಸವಿಲ್ಲದೆ ಓಡುತ್ತದೆ. ಹೊರಗೆ ವಾಲಗದವರು ಊದುತ್ತಿದ್ದಾರೆ, ಮುಳ್ಳು ಎಲ್ಲಿಗೆ ಹೋಗಿತ್ತೆಂದು ನೀವಲ್ಲದೆ ಯಾರೂ ನೋಡಿಲ್ಲ. ನಿಲ್ಲಿಸಿ, ಲಾಗ್‌ಬುಕ್ಕಿನಲ್ಲಿ ಬರೆಯಿರಿ, ಎಂಜಿನಿಯರನ್ನು ಕರೆಸಿ. ಮದುಮಗನನ್ನು ಕಾರಿನಲ್ಲಿ ಕಳಿಸಿ. ಸುಟ್ಟ ಟರ್ಬೈನಿನ ರಿಪೇರಿಗೆ ಛತ್ರ, ಊಟ, ವಾಲಗದ ಖರ್ಚೆಲ್ಲ ಸೇರಿಸಿದರೂ ಸಾಲದೆ ಬರಬಹುದು; ಸುಡದೆ ಬಿರುಕು ಬಿಟ್ಟದ್ದು ಮುಂದಿನ ಮದುವೆಯ ದಿಬ್ಬಣದಲ್ಲಿ ಲೆಕ್ಕ ಕೇಳುತ್ತದೆ.

ಎಲ್ಲವೂ ಸರಿಯಾಗಿದ್ದರೆ ಬಿಸಿ ಏರಿ ತಾನೇ ಇಳಿಯುತ್ತದೆ. ಎನ್-1 ಶೇ. 25 ಮುಟ್ಟುವ ಹೊತ್ತಿಗೆ ತಲೆಯ ಮೇಲೆ ರೆಕ್ಕೆ ತಿರುಗಲು ಶುರುವಾಗಿರಬೇಕು. ಆಗಿಲ್ಲವೇ? ಕೆಂಪು ಬಾವುಟದ ಪಟ್ಟಿ ನೆನಪು ಮಾಡಿಕೊಳ್ಳಿ, ಥ್ರಾಟಲ್ ಮುಚ್ಚಿ. ಎಣ್ಣೆಯ ಒತ್ತಡ ನೋಡಿ. ಶೇ. 58ಕ್ಕೆ ಸ್ಟಾರ್ಟರ್ ಬಿಡಿ.

ಒಂದು ನಿಮಿಷ

ಐಡಲ್ಲಿನಲ್ಲಿ ಒಂದು ನಿಮಿಷ ಸುಮ್ಮನೆ ಕೂರಬೇಕು. ಈ ಒಂದು ನಿಮಿಷವೇ ಮದುವೆಯವರಿಗೆ ಅರ್ಥವಾಗದ್ದು: ರೆಕ್ಕೆ ತಿರುಗುತ್ತಿದೆ, ಯಾಕೆ ಏಳುತ್ತಿಲ್ಲ? ಆಮೇಲೆ ಜನರೇಟರ್, ಆಮೇಲೆ ಥ್ರಾಟಲನ್ನು ನಿಧಾನವಾಗಿ ಪೂರ್ತಿ ತೆರೆದರೆ ರೋಟರ್ ನಿಮಿಷಕ್ಕೆ ಸುಮಾರು 395 ಸುತ್ತಿಗೆ ಬಂದು ನಿಲ್ಲುತ್ತದೆ.

ಸರಿಯಾಗಿ ಈ ಘಳಿಗೆಯಲ್ಲಿ ಮದುಮಗನ ತಾಯಿ ತಾಳಿಯ ಡಬ್ಬಿ ಕಾರಿನಲ್ಲೇ ಉಳಿಯಿತೆಂದು ಹೇಳುತ್ತಾರೆ. ಸೋದರಮಾವ ಬಾಗಿಲಿಗೆ ಕೈ ಹಾಕುತ್ತಾರೆ. ಅವರನ್ನು ಇಳಿಯಗೊಡಬೇಡಿ, ನಿಧಾನವಾಗುವ ರೆಕ್ಕೆಯ ತುದಿ ಪೇಟದ ಎತ್ತರಕ್ಕೂ ಬಾಗಬಲ್ಲದು. ಥ್ರಾಟಲ್ ಐಡಲ್ಲಿಗೆ ತಂದು ಎರಡು ನಿಮಿಷ ಎಂಜಿನ್ ತಣಿಯಲು ಬಿಡಿ. ಆರಿಸಿ. ರೆಕ್ಕೆ ಪೂರ್ತಿ ನಿಂತ ಮೇಲೆ ಬಾಗಿಲು ತೆರೆಯಿರಿ. ಡಬ್ಬಿ ಬಂದ ಮೇಲೆ ಎಂಜಿನ್ ಇನ್ನೂ ಬಿಸಿಯಾಗಿರುತ್ತದೆ, ಬ್ಯಾಟರಿ ಒಮ್ಮೆ ದುಡಿದಿರುತ್ತದೆ, ನಿಮ್ಮ ತಾಳ್ಮೆಯೂ ಹಾಗೆಯೇ. ಥ್ರಾಟಲ್ ಮುಚ್ಚಿಯೇ ಸ್ಟಾರ್ಟರ್ ಒತ್ತಿ ಬರೀ ಗಾಳಿ ಹರಿಸಿ, ಟಿಒಟಿ 150ರ ಕೆಳಗೆ ಬಂದ ಮೇಲಷ್ಟೇ ಥ್ರಾಟಲ್ ತೆರೆಯಿರಿ. ವೋಲ್ಟು ಸಾಲದಿದ್ದರೆ ಹೊರಗಿನ ಬ್ಯಾಟರಿ ಗಾಡಿ ತರಿಸಿ. ತಾಳಿಯ ಡಬ್ಬಿ ಯಾರ ಕೈಯಲ್ಲಿರಬೇಕೆಂಬ ವಿಷಯದಲ್ಲಿ ಬೆಲ್ ಕಂಪನಿ ಏನನ್ನೂ ಹೇಳಿಲ್ಲ. ಮದುಮಗನ ತಾಯಿಯ ಮಡಿಲಲ್ಲಿ, ಸೀಟ್‌ಬೆಲ್ಟಿನ ಒಳಗಡೆ ಎಂಬುದು ನಮ್ಮ ಸಲಹೆ.